ಸರ್ ಕೇಳಿದ ಪ್ರಶ್ನೆ, ಲೈಪ್ಸಿಗ್‌ನ ಸೋಮವಾರ

1989ರ ನವೆಂಬರ್. ನಾನಾಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಬರ್ಲಿನ್ ಗೋಡೆಯ ಮೇಲೆ ಜನ ಹತ್ತಿ ನಿಂತ ಫೋಟೋ ಪೇಪರಿನಲ್ಲಿ ಬಂದಿತ್ತು. ಲೈಬ್ರರಿಯಲ್ಲಿ ಅದನ್ನು ನೋಡಲು ನೂಕುನುಗ್ಗಲು. ನಮ್ಮಂಥ ಕ್ರೈಸ್ತ ಮಕ್ಕಳಿಗಂತೂ ಹಬ್ಬ. ದೇವರಿಲ್ಲ ಅಂದ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ ಅಲುಗಾಡಿತ್ತಲ್ಲ! ಚರಿತ್ರೆಯ ಸರ್ ಕೂಡ ನಮ್ಮ ಸಭೆಯವರೇ. ಪೇಪರ್ ಮಡಚಿಟ್ಟು ಅವರು ಕೇಳಿದರು: "ಖುಷಿಪಡಿ, ಪಡಬೇಕಾದದ್ದೇ. ಆದ್ರೆ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರ ಗತಿ ನಾಳೆ ಏನು? ಯೋಚನೆ ಮಾಡಿದ್ದೀರಾ?"

ಸರ್ ಅವರ ತಂದೆ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಬಾಗಿಲು ಹಾಕಿದರೆ ಮನೆಯೊಳಗೆ ಏನಾಗುತ್ತದೆ ಅಂತ ಸರ್‌ಗೆ ಗೊತ್ತಿತ್ತು.

2005ರಲ್ಲಿ ಕೆಲಸದ ಮೇಲೆ, ಹಿಂದೆ ಪೂರ್ವ ಜರ್ಮನಿಯಲ್ಲಿದ್ದ ಲೈಪ್ಸಿಗ್‌ಗೆ ಹೋದೆ. ಅಲ್ಲಿನ ಸಂತ ನಿಕೋಲಾಸರ ಚರ್ಚಿನ ಬಿಳಿ ಕಂಬಗಳಿಗೆ ತುದಿಯಲ್ಲಿ ಹಸಿರು ಗರಿಗಳಿವೆ. ತೆಂಗಿನ ತೋಟದಲ್ಲಿ ನಿಂತ ಹಾಗಾಯಿತು ನನಗೆ. ಅಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಶಾಂತಿಗಾಗಿ ಪ್ರಾರ್ಥನೆ. 1989ರ ಅಕ್ಟೋಬರ್ 9ರಂದು ಆಳುವ ಕಮ್ಯುನಿಸ್ಟ್ ಪಕ್ಷದವರೇ ನೂರಾರು ಜನ ಮೊದಲೇ ಬಂದು ಬೆಂಚು ತುಂಬಿದ್ದರಂತೆ. ಯೇಸುವಿನ ಬೆಟ್ಟದ ಪ್ರಸಂಗದ ಮಾತು ಅವರ ಕಿವಿಗೂ ಬಿತ್ತು. ಆ ಸಂಜೆ ಬೀದಿಗಿಳಿದವರು ಸುಮಾರು 70,000. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈ ಗಾಳಿಗೆ ಅಡ್ಡ. ಕಲ್ಲು ಹಿಡಿಯಲು ಕೈಯೇ ಉಳಿಯುವುದಿಲ್ಲ ಅಂತ ಪಾಸ್ಟರ್ ಕ್ರಿಸ್ತಿಯಾನ್ ಫ್ಯೂರರ್ ಹೇಳುತ್ತಿದ್ದರು. ಪೊಲೀಸರು ಗುಂಡು ಹಾರಿಸಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್‌ನಲ್ಲಿ ಗೋಡೆ ತೆರೆಯಿತು.

ಆಮೇಲಿನ ಕಥೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸರ್ಕಾರಿ ಕಾರ್ಖಾನೆಗಳನ್ನು ಮಾರಿದರು, ಎಷ್ಟನ್ನೋ ಮುಚ್ಚಿದರು. ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು. ತುಂಬಿದ್ದ ಚರ್ಚುಗಳೂ ಮತ್ತೆ ಖಾಲಿಯಾದವು. ಫ್ಯೂರರ್ ಮಾತ್ರ ಸೋಮವಾರದ ಪ್ರಾರ್ಥನೆ ಬಿಡಲಿಲ್ಲ. ಕೆಲಸ ಹೋದವರ ಜೊತೆ ನಿಂತರು. ನನ್ನ ಮಟ್ಟಿಗೆ, ಗೋಡೆ ಬಿದ್ದದ್ದಕ್ಕಿಂತ ಇದೇ ದೊಡ್ಡ ಸಾಕ್ಷಿ.

ಆ ಸೋಮವಾರ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ಹತ್ತಿ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವರು. ದೀಕ್ಷಾಸ್ನಾನ ಆದವರಲ್ಲ. "ಮಿಲ್ಲು ಮುಚ್ಚಿದ ಮೇಲೆ ಅಂಗಡಿಯಲ್ಲಿ ಎಲ್ಲಾ ಸಿಗ್ತಿತ್ತು. ಬೆಳಿಗ್ಗೆ ಎದ್ದರೆ ಹೋಗೋಕೆ ಒಂದು ಜಾಗ ಇರಲಿಲ್ಲ. ಸೋಮವಾರ ಇಲ್ಲಿಗೆ ಬರ್ತೀನಿ" ಅಂದರು. ಹಾಡು ಶುರುವಾದಾಗ ನಾನು ತಡವರಿಸಿದೆ. ಅವರು ಪುಸ್ತಕವನ್ನು ನನ್ನ ಕಡೆ ಸರಿಸಿ, ಹಾಡು ಮುಗಿಯುವವರೆಗೂ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಬಂದರು.

ಅಂದು ರಾತ್ರಿಯೇ ಸರ್‌ಗೆ ಇದನ್ನೆಲ್ಲ ಬರೆದೆ. ತಿಂಗಳಾದ ಮೇಲೆ ಉತ್ತರ ಬಂತು. ಕೈ ನಡುಗಿದ ಅಕ್ಷರ. ನನ್ನ ಆರೋಗ್ಯ ವಿಚಾರಿಸಿ, ಕೊನೆಯಲ್ಲಿ ಒಂದೇ ಸಾಲು ಸೇರಿಸಿದ್ದರು: "ಆ ಅಮ್ಮನಿಗೆ ಮತ್ತೆ ಕೆಲಸ ಸಿಕ್ಕಿತಾ?"

ಅದನ್ನು ನಾನು ಕೇಳಿರಲೇ ಇಲ್ಲ.