ಆ ಮಿನುಗು ಚುಕ್ಕೆಗಳನ್ನು ನಂಬಿ ಕೆಟ್ಟೆ

ಜೀವಂತ ಕೋಶದೊಳಗೆ ಮೊದಲ ಸಲ ಪ್ರೋಟೀನ್ ಕಳಿಸಿದ ದಿನ ನನ್ನ ಖುಷಿ ಹತ್ತೇ ನಿಮಿಷ ಬಾಳಿತು. ಹೊಳೆಯುವ ಡೈ ಅಂಟಿಸಿದ ಆಂಟಿಬಾಡಿಯನ್ನು (ತನ್ನ ಗುರಿಯನ್ನು ಹುಡುಕಿ ಹಿಡಿಯುವ ಪ್ರೋಟೀನ್) ಲಿಪಿಡ್ ಎಂಬ ಕೊಬ್ಬಿನಂಥ ಅಣುಗಳ ಜೊತೆ ಬೆರೆಸಿ, ಕೋಶ ಬೆಳೆಸಿದ ಡಿಶ್‌ಗೆ ಹಾಕಿ, ನಾಲ್ಕು ಗಂಟೆ ಕಾದು ನೋಡಿದರೆ ಎಲ್ಲ ಕೋಶಗಳಲ್ಲೂ ಪಳಪಳ ಚುಕ್ಕೆಗಳು! ಓಡಿಹೋಗಿ ಗೈಡ್‌ ಮೇಡಂಗೆ ಫೋಟೋ ತೋರಿಸಿದೆ. "ಇದು ಟ್ಯೂಬುಲಿನ್ ಹಿಡಿಯೋ ಆಂಟಿಬಾಡಿ ಅಲ್ವಾ? ಎಳೆಗಳೆಲ್ಲಿ?" ಅಂದರು.

ಟ್ಯೂಬುಲಿನ್ ಅಂದರೆ ಕೋಶದೊಳಗೆ ಎಳೆಗಳನ್ನು ಕಟ್ಟುವ ಪ್ರೋಟೀನ್, ಆಂಟಿಬಾಡಿ ಅದನ್ನು ಹಿಡಿದಿದ್ದರೆ ಎಳೆಗಳೇ ಹೊಳೆಯಬೇಕಿತ್ತು. ಎಳೆಗಳಿರಲಿಲ್ಲ. ಕೋಶ ಅದನ್ನು ನುಂಗಿತ್ತು ಅಷ್ಟೇ, ಒಳಗೆ ಬಿಟ್ಟುಕೊಂಡಿರಲಿಲ್ಲ. ನುಂಗಿದ್ದೆಲ್ಲ ಎಂಡೋಸೋಮ್ ಎಂಬ ಪುಟ್ಟ ಚೀಲದಲ್ಲಿ ಕೂತಿರುತ್ತದೆ, ಆ ಚೀಲಕ್ಕೂ ಪೊರೆ ಇದೆ, ಅದನ್ನು ದಾಟದ ಹೊರತು ಪ್ರೋಟೀನ್ ಇನ್ನೂ ಹೊರಗೇ ಇದ್ದ ಹಾಗೆ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಮಾತ್ರ. ಆದರೆ 150 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಆಂಟಿಬಾಡಿಗೆ ಅದು ಕೋಟೆ ಗೋಡೆ.

ಈ ಮೋಸಕ್ಕೆ ಬಿದ್ದವಳು ನಾನೊಬ್ಬಳೇ ಅಲ್ಲ ಅನ್ನೋದೇ ಸಮಾಧಾನ. ಎಚ್‌ಐವಿಯ ಟ್ಯಾಟ್ ಪ್ರೋಟೀನ್ ತಾನಾಗಿಯೇ ಕೋಶ ಹೊಕ್ಕುತ್ತದೆ ಅಂತ 1988ರಲ್ಲಿ ಗೊತ್ತಾಯಿತು. ಅದರ ಒಂದು ತುಣುಕನ್ನು ಬೇರೆ ಪ್ರೋಟೀನ್‌ಗಳಿಗೆ ಬಾಲದಂತೆ ಕಟ್ಟಿ ಒಳಗೆ ಕಳಿಸಲು ತುಂಬಾ ಜನ ಹೊರಟರು. ನ್ಯೂಕ್ಲಿಯಸ್ ಹೊಳೆಯುವ ಚಿತ್ರಗಳೂ ಬಂದವು. ಆಮೇಲೆ 2003ರ ಹೊತ್ತಿಗೆ ತಿಳಿದದ್ದು ಏನೆಂದರೆ, ಅಂಥ ಹೊಳಪಿನಲ್ಲಿ ಎಷ್ಟೋ ಪಾಲು ಕೋಶವನ್ನು ಫಿಕ್ಸ್ ಮಾಡುವಾಗ, ಅಂದರೆ ರಾಸಾಯನಿಕ ಹಾಕಿ ಕೊಂದು ಇದ್ದ ಹಾಗೇ ಹಿಡಿದಿಡುವಾಗ, ಪ್ರೋಟೀನ್ ಹರಡಿಕೊಂಡಿದ್ದರಿಂದ ಬಂದದ್ದು. ಅದಕ್ಕೇ ಹೇಳೋದು, ಫಿಕ್ಸ್ ಮಾಡದೆ ಜೀವಂತವಾಗಿಯೇ ನೋಡಿ.

ಪ್ರೋಟೀನಿನ ಜೀನ್ ಹಾಕಿ, ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್ ಜೊತೆ ಅದನ್ನು ಕೋಶದಲ್ಲೇ ಮಾಡಿಸಬಹುದಲ್ಲ ಅಂತ ಕೇಳಬಹುದು. ಹೌದು, ಸುಲಭ. ಆದರೆ ಕೋಶ ಕೆಲವೊಮ್ಮೆ ವಿಪರೀತ ಜಾಸ್ತಿ ತಯಾರಿಸಿಬಿಡುತ್ತದೆ. ಜೊತೆಗೆ ಜಿಎಫ್‌ಪಿಯೇ 27 ಕಿಲೋಡಾಲ್ಟನ್ ಮೂಟೆ, ಡೈ ಅದರ ಮುಂದೆ ಚಿಕ್ಕದು. ಹೊರಗೆ ಶುದ್ಧ ಮಾಡಿ ತಂದರೆ ಎಷ್ಟು ಹಾಕಬೇಕು ಅನ್ನೋದು ಹೆಚ್ಚುಕಮ್ಮಿ ನಮ್ಮ ಕೈಲಿರುತ್ತದೆ.

ಕೊನೆಗೆ ನನಗೆ ಒಲಿದದ್ದು ಬೀಡ್ ಲೋಡಿಂಗ್. 1987ರಷ್ಟು ಹಳೇ ವಿಧಾನ, ನೋಡಿದರೆ ನಗು ಬರುವಷ್ಟು ಒರಟು. ಡಿಶ್‌ನ ಮೀಡಿಯಂ (ಕೋಶ ಬೆಳೆಯುವ ದ್ರವ) ಹೀರಿ ತೆಗೆದು, ಕೆಲವೇ ಮೈಕ್ರೋಲೀಟರ್ ಪ್ರೋಟೀನ್ ಹನಿಸಿ, ಪುಡಿಯಂಥ ಗಾಜಿನ ಮಣಿ ಉದುರಿಸಿ, ಡಿಶ್ಶನ್ನು ಬೆಂಚಿಗೆ ಕೆಲವು ಸಲ ಕುಟ್ಟಬೇಕು. ಮಣಿ ಬಡಿದ ಕಡೆ ಪೊರೆ ಹರಿಯುತ್ತದೆ, ಪ್ರೋಟೀನ್ ನುಗ್ಗುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳ ಬರುತ್ತಲೇ ಕೋಶ ತನ್ನ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ಚೀಲದ ತಂಟೆಯೇ ಇಲ್ಲ. ನಿಧಾನ ಮಾಡಿದರೆ ಕೋಶ ಒಣಗುತ್ತದೆ, ಜೋರಾಗಿ ಕುಟ್ಟಿದರೆ ಎದ್ದು ಹೋಗುತ್ತದೆ. ನನ್ನ ಮೊದಲ ಡಿಶ್ ಸ್ಮಶಾನವಾಯಿತು. ಇನ್ನೊಂದು ಡಿಶ್ ಕೆಟ್ಟದ್ದು ಆಂಟಿಬಾಡಿ ಬಾಟಲಿಯಲ್ಲಿದ್ದ ಅಜೈಡ್‌ನಿಂದ ಅಂತ ನನ್ನ ಗುಮಾನಿ. ಕೆಡದಿರಲಿ ಅಂತ ಹಾಕಿರೋದು, ಕೋಶಕ್ಕೆ ಮಾತ್ರ ವಿಷ. ಅದನ್ನು ಮೊದಲೇ ತೆಗೆದುಬಿಡಿ.

ಮೂರನೇ ಡಿಶ್‌ನಲ್ಲಿ ಹೆಚ್ಚಿನ ಕೋಶಗಳು ಕಪ್ಪು. ಒಂದು ಮೂಲೆಯಲ್ಲಿ ನಾಲ್ಕೈದು ಕೋಶ ಮಂಜು ತುಂಬಿದ ಹಾಗೆ ಹೊಳೆಯುತ್ತಿದ್ದವು, ನಡುವೆ ನ್ಯೂಕ್ಲಿಯಸ್ ಇದ್ದಲ್ಲಿ ಕಪ್ಪು ತೂತು. ಇಡೀ ಆಂಟಿಬಾಡಿ ನ್ಯೂಕ್ಲಿಯಸ್‌ನ ಬಾಗಿಲಲ್ಲಿ ತೂರಲಾರದು, ಹಾಗಾಗಿ ಆ ತೂತು ಕಂಡಾಗಲೇ ನನಗೆ ಧೈರ್ಯ ಬಂದದ್ದು. ಫೋಕಸ್ ಸ್ವಲ್ಪ ತಿರುಗಿಸಿದೆ. ಮಂಜಿನೊಳಗೆ ಸಣ್ಣಗೆ ಎಳೆಗಳು ಕಂಡವು. ಮೇಡಂನ ಕರೆಯೋ ಮುಂಚೆ ಈ ಸಲ ಮೂರು ಸಲ ನೋಡಿದೆ.