ಹದಿನೈದು ಪ್ರಶ್ನಾರ್ಥಕ ಚಿಹ್ನೆಗಳು

ಬೀದರ್ ಕೋಟೆಯ ಚಿತ್ರಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದ ನಾನು, ಹಳೆಯ ಲಿನಕ್ಸ್ ಯಂತ್ರದಲ್ಲಿ ಆದೇಶ ಟೈಪಿಸುವ ಪರದೆಯಾದ ಟರ್ಮಿನಲ್‌ನಲ್ಲಿ ಅವುಗಳ ಪಟ್ಟಿ ತೆಗೆದಾಗ, ‘ಬೀದರ್’ ಇರಬೇಕಾದಲ್ಲಿ ಸಾಲಾಗಿ 15 ಪ್ರಶ್ನಾರ್ಥಕ ಚಿಹ್ನೆಗಳನ್ನು ಕಂಡು ಕಳವಳಗೊಂಡೆ. ಆ ಸಂಖ್ಯೆಯೇ ಸುಳಿವು ನೀಡಿತು: ಆ ಪದದಲ್ಲಿ 5 ಯುನಿಕೋಡ್ ಸಂಕೇತಗಳಿದ್ದು (ಅಕ್ಷರಕ್ಕೂ ಚಿಹ್ನೆಗೂ ಕೊಟ್ಟ ಸಂಖ್ಯೆಗಳು), ಅವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ ಹೆಸರು ಕೆಟ್ಟಿರಲಿಲ್ಲ. ಲೊಕೇಲ್ (ಯಂತ್ರದ ಭಾಷೆ-ಲಿಪಿಯ ಹೊಂದಿಕೆ) ಇಂಗ್ಲಿಷ್ ಅಕ್ಷರಗಳನ್ನಷ್ಟೇ ಅರಿಯುವ ‘ಪಾಸಿಕ್ಸ್’ ಎಂದಿದ್ದುದರಿಂದ ಯಂತ್ರವು ಒಂದೊಂದು ಬೈಟನ್ನೂ ತಾನರಿಯದ ಬಿಡಿ ಅಕ್ಷರವೆಂದು ಎಣಿಸುತ್ತಿತ್ತು. ಯುಟಿಎಫ್-8 ಲೊಕೇಲ್ ಹೊಂದಿಸಿ, ಕನ್ನಡ ಫಾಂಟ್ ಹಾಕಿದ ಮೇಲೆ ‘ಬೀದರ್’ ಓದುವಂತೆ ಮೂಡಿತು. ಆದರೆ ‘ಬಸವಕಲ್ಯಾಣ’ದಲ್ಲಿ ಯಕಾರವು ಒತ್ತಾಗಿ ಲಕಾರದೊಡನೆ ಕೂಡದೆ, ಪಕ್ಕದ ಚೌಕದಲ್ಲಿ ಬೇರೆಯಾಗಿಯೇ ನಿಂತಿತು. ಅದು ಫಾಂಟಿನ ದೋಷವಲ್ಲ. ಸಮಾನ ಅಗಲದ ಚೌಕಗಳಲ್ಲಿ ಅಕ್ಷರ ತುಂಬುವ ಆ ಟರ್ಮಿನಲ್‌ಗೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಜೋಡಿಸಬಲ್ಲ ಬೇರೊಂದಕ್ಕೆ ಬದಲಾದ ಮೇಲೆಯೇ ‘ಲ್ಯಾ’ ಒಂದಾಯಿತು.