ನಳಿಗೆ ಕೇಳುವುದು ಗುಂಡಿನ ಉದ್ದವನ್ನು

ಕರಾವಳಿಯ ಅಡಿಕೆ ತೋಟಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡಿರುವ ಕೋವಿಗಳಲ್ಲಿ ಹೆಚ್ಚಿನವು ಒಂಟಿನಳಿಗೆ ಅಥವಾ ಜೋಡುನಳಿಗೆಯವು, ಇಲ್ಲವೇ ಹಳೆಯ ಕೇಪಿನ ಕೋವಿಗಳು. ಅವುಗಳ ನಳಿಗೆಯ ಒಳಮೈ ನುಣುಪು, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಅಲ್ಲಿಲ್ಲ. ಚರೆ ಹಾರಿಸುವುದಕ್ಕೆ ಅಷ್ಟು ಸಾಕು. ಹಾಗಾಗಿ ಗುಂಡು ಎಷ್ಟು ಇಂಚಿಗೊಮ್ಮೆ ಸುತ್ತಬೇಕು ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ಎದುರಾಗಲೇ ಇಲ್ಲ. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು, ಮುಂದೆ ಶೂಟಿಂಗನ್ನು ಕ್ರೀಡೆಯಾಗಿ ಮುಂದುವರಿಸುವ ಮಂಗಳೂರು, ಉಡುಪಿಯ ಯುವಕ ಯುವತಿಯರಿಗೆ ಈಗ ಅದು ಎದುರಾಗುತ್ತಿದೆ. "ಭಾರದ ಗುಂಡಿಗೆ ಜಾಸ್ತಿ ಟ್ವಿಸ್ಟ್ ಬೇಕು ಅಂತ ಎಲ್ಲರೂ ಹೇಳ್ತಾರಲ್ಲ ಸರ್, ಎಷ್ಟು ಭಾರಕ್ಕೆ ಎಷ್ಟು ಅಂತ ಒಂದು ಪಟ್ಟಿ ಕೊಡಿ" ಎಂದು ಇಲ್ಲಿನ ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ. ಅಂಥ ಪಟ್ಟಿ ಕೊಡುವುದು ಸುಲಭ. ಆದರೆ ಅದು ತಪ್ಪು ಗುಣವನ್ನು ಅಳೆಯುವ ಪಟ್ಟಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ತೋಟೆಯ ಪೆಟ್ಟಿಗೆಯ ಮೇಲೆ ಗುಂಡಿನ ತೂಕವನ್ನು ಗ್ರೇನ್ ಎಂಬ ಸಣ್ಣ ತೂಕಮಾನದ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ ಎಂಬ ಒಂದೇ ಕಾರಣಕ್ಕೆ ನಾವು ತೂಕದ ಮಾತಾಡುತ್ತೇವೆ. ನಳಿಗೆಯ ಸುತ್ತನ್ನು, ಅಂದರೆ ಟ್ವಿಸ್ಟನ್ನು, ನಿರ್ಧರಿಸುವುದು ಮುಖ್ಯವಾಗಿ ಗುಂಡಿನ ಉದ್ದ.

ಮೂತಿ ಚೂಪಾದ ಉದ್ದನೆಯ ಗುಂಡಿನಲ್ಲಿ ಭಾರದ ಕೇಂದ್ರ ಹಿಂಭಾಗದ ಕಡೆಗಿರುತ್ತದೆ, ಗಾಳಿಯ ಒತ್ತಡ ಒಟ್ಟಾಗಿ ಬೀಳುವ ಬಿಂದು ಅದಕ್ಕಿಂತ ಮುಂದೆ ಇರುತ್ತದೆ. ಆದ್ದರಿಂದ ಮೂತಿ ಕೂದಲೆಳೆಯಷ್ಟು ಓರೆಯಾದರೂ ಸಾಕು, ಗಾಳಿ ಅದನ್ನು ಇನ್ನಷ್ಟು ಓರೆಯಾಗಿಸಿ ಮಗುಚಿ ಹಾಕಲು ನೋಡುತ್ತದೆ. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡಿಗೆ ಕೊಡುವ ತಿರುಗುವಿಕೆಯೇ ಈ ಮಗುಚುವಿಕೆಯನ್ನು ತಡೆಯುತ್ತದೆ. ಗುಂಡು ಉದ್ದವಾದಷ್ಟೂ ಗಾಳಿಗೆ ಸಿಗುವ ಹಿಡಿತ ಹೆಚ್ಚುತ್ತದೆ, ಉದ್ದಕ್ಕೆ ಹಂಚಿಹೋದ ತೂಕವು ಮಗುಚುವ ದಿಕ್ಕಿನಲ್ಲಿ ಇನ್ನಷ್ಟು ಜಡವಾಗುತ್ತದೆ, ಆದರೆ ವ್ಯಾಸ ಬದಲಾಗದ ಕಾರಣ ತಿರುಗುವಿಕೆಯಿಂದ ಸಿಗುವ ಬಲ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಆ ಕೊರತೆಯನ್ನು ವೇಗದ ಸುತ್ತು ತುಂಬಿಕೊಡಬೇಕು.

ಈ ಲೆಕ್ಕವನ್ನು ಕೈಗೆ ಸಿಗುವಂತೆ ಮಾಡಿದವರು ಇಂಗ್ಲೆಂಡಿನ ವೂಲ್‌ವಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿದ್ದ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್. 1879ರ ಅವರ ಸೂತ್ರ ಇಷ್ಟೇ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, ಒಂದು ಪೂರ್ತಿ ಸುತ್ತಿಗೆ ಎಷ್ಟು ಇಂಚು ಬೇಕೆಂಬುದು ಸಿಗುತ್ತದೆ, ಎಲ್ಲ ಅಳತೆಗಳೂ ಇಂಚಿನಲ್ಲಿರಬೇಕು. ಈ ಇಂಚು ಕಡಿಮೆಯಾದಷ್ಟೂ ಸುತ್ತು ವೇಗದ್ದು. ಸಾಮಾನ್ಯ .22 ತೋಟೆಯ 40 ಗ್ರೇನ್ ಸೀಸದ ಗುಂಡಿನ ವ್ಯಾಸ 0.223 ಇಂಚು, ಉದ್ದ 0.46 ಇಂಚು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಉತ್ತರ 16.2. ಪ್ರಪಂಚದ ಬಹುತೇಕ .22 ರೈಫಲ್‌ಗಳ ನಳಿಗೆ 16 ಇಂಚಿಗೆ ಒಂದು ಸುತ್ತು ಎಂದೇ ಬರುತ್ತದೆ. ಸೂತ್ರದಲ್ಲಿ ತೂಕದ ಹೆಸರೇ ಇಲ್ಲ ಎಂಬುದನ್ನು ಗಮನಿಸಬೇಕು. ಸೀಸದ ಸಾಂದ್ರತೆಯನ್ನು 150 ಎಂಬ ಅಂಕಿಯೊಳಗೆ ಅಡಗಿಸಿಟ್ಟದ್ದರಿಂದ ತೂಕವನ್ನು ಬೇರೆಯಾಗಿ ಕೇಳುವ ಅಗತ್ಯ ಬೀಳಲಿಲ್ಲ. ಇದೇ .22 ತೋಟೆಯಲ್ಲಿ 60 ಗ್ರೇನ್ ಗುಂಡು ಕೂರಿಸಿದರೆ ಅದು ಉದ್ದವಾಗುತ್ತದೆ, 16 ಇಂಚಿಗೆ ಒಂದು ಸುತ್ತಿನ ನಳಿಗೆಯಲ್ಲಿ ಹಲವು ಬಾರಿ ನೆಟ್ಟಗೆ ಹೋಗುವುದೇ ಇಲ್ಲ.

ಗುಂಡಿನ ಹಾರಾಟವನ್ನು ಅಧ್ಯಯನ ಮಾಡಿದ ಡಾನ್ ಮಿಲ್ಲರ್ 2005ರಲ್ಲಿ ಪ್ರಕಟಿಸಿದ ಸೂತ್ರ ಇದಕ್ಕಿಂತ ಸೂಕ್ಷ್ಮವಾದುದು. ಅದು ತೂಕ, ವ್ಯಾಸ, ಉದ್ದ, ಸುತ್ತು ಎಲ್ಲವನ್ನೂ ತೆಗೆದುಕೊಂಡು ಸ್ಥಿರತೆಯ ಒಂದು ಅಂಕ ಕೊಡುತ್ತದೆ. ಅಂಕ 1ಕ್ಕಿಂತ ಕೆಳಗಿದ್ದರೆ ಗುಂಡು ಮಗುಚುತ್ತದೆ, 1.5ರ ಆಸುಪಾಸು ಇದ್ದರೆ ನೆಮ್ಮದಿ. ಈ ಸೂತ್ರದಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡದ್ದು ತೂಕದ ಸ್ಥಾನ. ಉದ್ದವನ್ನು ಹಾಗೆಯೇ ಇಟ್ಟು ತೂಕವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಅಂಕವೂ ನೂರಕ್ಕೆ ಹತ್ತರಷ್ಟು ಏರುತ್ತದೆ, ಅಂದರೆ ಭಾರದಿಂದ ಗುಂಡು ಹೆಚ್ಚು ಸ್ಥಿರವೇ ಆಗುತ್ತದೆ. ತೂಕವನ್ನು ಹಾಗೆಯೇ ಇಟ್ಟು ಉದ್ದವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಅಂಕ ಸುಮಾರು ಕಾಲುಭಾಗ ಕುಸಿಯುತ್ತದೆ. ವ್ಯಾಸ ಒಂದೇ ಆಗಿರುವಾಗ ಭಾರ ಹೆಚ್ಚಿಸಲು ಉದ್ದ ಹೆಚ್ಚಿಸುವುದೇ ದಾರಿ. ಹೀಗಾಗಿ ಉದ್ದದ ತಪ್ಪು ಭಾರದ ತಲೆಗೆ ಬಂದಿದೆ.

ಈ ವಿಷಯವನ್ನು ಚರಿತ್ರೆಯೇ ಪರೀಕ್ಷೆ ಮಾಡಿ ತೋರಿಸಿದ್ದು ಅಮೆರಿಕದ 5.56 ಮಿಲಿಮೀಟರ್ ರೈಫಲ್‌ನಲ್ಲಿ. ಮೊದಲ ಎಆರ್-15 ರೈಫಲ್‌ಗಳ ನಳಿಗೆ 14 ಇಂಚಿಗೆ ಒಂದು ಸುತ್ತಿನದು. 55 ಗ್ರೇನ್ ಗುಂಡಿನ ಉದ್ದ ಸುಮಾರು 0.74 ಇಂಚು, ಮಿಲ್ಲರ್ ಸೂತ್ರದಲ್ಲಿ ಇದಕ್ಕೆ ಸಿಗುವ ಅಂಕ 1ರ ಅಂಚಿನಲ್ಲೇ ನಿಲ್ಲುತ್ತದೆ. ಸಾಧಾರಣ ಹವೆಯಲ್ಲಿ ಅದು ಹೇಗೋ ನಡೆಯಿತು, ಆದರೆ ಕೊರೆಯುವ ಚಳಿಯ ಸಾಂದ್ರವಾದ ಗಾಳಿಯಲ್ಲಿ ಗುಂಡುಗಳು ಸ್ಥಿರವಾಗಿ ಹೋಗದಿದ್ದುದರಿಂದ 1960ರ ದಶಕದ ಮೊದಲ ವರ್ಷಗಳಲ್ಲಿ ಸುತ್ತನ್ನು 12 ಇಂಚಿಗೆ ಇಳಿಸಿದರು. ಮುಂದೆ ಇದೇ ರೈಫಲ್‌ನ ಸುಧಾರಿತ ಸೈನಿಕ ಆವೃತ್ತಿ ಎಂ16ಎ2 ಬಂದಾಗ ಅದು 7 ಇಂಚಿಗೆ ಇಳಿಯಿತು. 62 ಗ್ರೇನ್‌ನ ಹೊಸ ಗುಂಡಿಗೆ ಅಷ್ಟು ವೇಗದ ಸುತ್ತು ಬೇಕಿರಲಿಲ್ಲ, 9 ಇಂಚೇ ಸಾಕಾಗುತ್ತಿತ್ತು. ಅದರ ಜೊತೆಗೆ ಬಳಸುವ, ಬೆಳಕಿನ ಗೆರೆ ಬಿಡುತ್ತಾ ಹಾರುವ ಟ್ರೇಸರ್ ಗುಂಡು ಬಹಳ ಉದ್ದವಾಗಿದ್ದುದೇ ಕಾರಣ. ತೂಕದ ಪಟ್ಟಿ ಹಿಡಿದು ಕುಳಿತವರಿಗೆ ಈ 7 ಎಂಬ ಅಂಕಿ ಎಲ್ಲಿಂದ ಬಂತೆಂದು ತಿಳಿಯುವುದೇ ಇಲ್ಲ.

ಇದೇ ವ್ಯಾಸದ 77 ಗ್ರೇನ್ ಗುರಿಸ್ಪರ್ಧೆಯ ಗುಂಡನ್ನು ತೆಗೆದುಕೊಳ್ಳೋಣ. ಅದರ ಉದ್ದ ಹೆಚ್ಚುಕಡಿಮೆ ಒಂದು ಇಂಚು. 12 ಇಂಚಿಗೆ ಒಂದು ಸುತ್ತಿನ ನಳಿಗೆಯಲ್ಲಿ ಅದಕ್ಕೆ ಸಿಗುವ ಅಂಕ 0.78, ಎಂದರೆ ಮಗುಚುವುದು ಖಚಿತ. 9 ಇಂಚಿನಲ್ಲಿ 1.38, 8 ಇಂಚಿನಲ್ಲಿ 1.75, 7 ಇಂಚಿನಲ್ಲಿ 2.29. ಈ ಅಂಕಗಳು ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಹವೆಗೆ ಲೆಕ್ಕ ಹಾಕಿದವು. ಮಂಗಳೂರಿನ 32 ಡಿಗ್ರಿ ಸೆಕೆಯಲ್ಲಿ ಗಾಳಿ ನೂರಕ್ಕೆ ಆರರಷ್ಟು ತೆಳುವಾಗಿರುವುದರಿಂದ 1.38 ಇದ್ದದ್ದು 1.46ಕ್ಕೆ ಏರುತ್ತದೆ. ನಮ್ಮ ಬೆವರು ಹರಿಸುವ ತೇವಾಂಶದಿಂದ ಗಾಳಿ ಭಾರವಾಗುತ್ತದೆ ಎಂದು ಹಲವರು ನಂಬಿದ್ದಾರೆ. ನೀರಾವಿಯು ಒಣಗಾಳಿಗಿಂತ ಹಗುರವಾದ್ದರಿಂದ ನಿಜಸ್ಥಿತಿ ಇದಕ್ಕೆ ತದ್ವಿರುದ್ಧ, ಆದರೆ ಆ ವ್ಯತ್ಯಾಸ ತೀರಾ ಅಲ್ಪ. ಘಟ್ಟ ಹತ್ತಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹೋದರೆ, ಅಲ್ಲಿನ ಹವೆ ತಂಪಾಗಿದ್ದರೂ ಒತ್ತಡ ಕಡಿಮೆಯಿರುವುದರಿಂದ ಅಂಕ ಮಂಗಳೂರಿಗಿಂತ ಮತ್ತೆ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ ಅದೇ ಗುಂಡು, ಅದೇ ನಳಿಗೆ 1.21ಕ್ಕೆ ಕುಸಿಯುತ್ತವೆ. ಕರಾವಳಿಯಲ್ಲಿ ಗುರಿಹಲಗೆಯ ಮೇಲೆ ಒತ್ತೊತ್ತಾಗಿ ತೂತು ಮಾಡಿದ ನಳಿಗೆ-ಗುಂಡಿನ ಜೋಡಿಯನ್ನು ಎಲ್ಲೆಡೆಗೂ ಹೊಂದುತ್ತದೆಂದು ತಿಳಿಯಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಪೂರ್ತಿ ತಾಮ್ರದಿಂದ ಮಾಡಿದ ಗುಂಡುಗಳು ತೂಕದ ಪಟ್ಟಿಯನ್ನು ಸಂಪೂರ್ಣವಾಗಿ ಕೆಡಿಸುತ್ತವೆ. ತಾಮ್ರದ ಸಾಂದ್ರತೆ ಸುಮಾರು 8.9, ಸೀಸದ್ದು 11.3, ಅಷ್ಟೇ ಗ್ರೇನ್ ತೂಗಬೇಕಾದರೆ ತಾಮ್ರದ ಗುಂಡು ಉದ್ದವಾಗಲೇಬೇಕು. ಪೆಟ್ಟಿಗೆಯ ಮೇಲಿನ ಅಂಕಿ ಒಂದೇ ಆಗಿದ್ದರೂ ಅದು ಬೇಡುವ ಸುತ್ತು ಬೇರೆ.

ಸುತ್ತು ಬೇಕಾದದ್ದಕ್ಕಿಂತ ಹೆಚ್ಚಾದರೆ ಏನಾಗುತ್ತದೆ ಎಂಬ ಭಯ ಅನೇಕರಿಗಿದೆ. ನನ್ನ ದೃಷ್ಟಿಯಲ್ಲಿ ಕೊರತೆಯಷ್ಟು ಹೆಚ್ಚಳ ಅಪಾಯಕಾರಿಯಲ್ಲ. ಸೆಕೆಂಡಿಗೆ 3,000 ಅಡಿ ವೇಗದಲ್ಲಿ 7 ಇಂಚಿಗೆ ಒಂದು ಸುತ್ತಿನ ನಳಿಗೆಯಿಂದ ಹೊರಬಿದ್ದ ಗುಂಡು ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತಿರುತ್ತದೆ. ಹೊದಿಕೆ ತೆಳುವಾದ ಹಗುರ ಗುಂಡುಗಳು ಆ ವೇಗಕ್ಕೆ ದಾರಿಯಲ್ಲೇ ಸಿಡಿದು ಚೂರಾಗುವುದುಂಟು, ತಯಾರಿಕೆಯಲ್ಲಿ ಉಳಿದ ಸಣ್ಣ ಅಸಮತೋಲವೂ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಒಳ್ಳೆಯ ಗುಂಡುಗಳಲ್ಲಿ ಈ ತೊಂದರೆ ಗುರಿಹಲಗೆಯ ಮೇಲೆ ಗೊತ್ತಾಗುವುದೇ ಕಷ್ಟ. 10 ಮೀಟರ್ ಏರ್ ರೈಫಲ್ ಆಡುವವರಂತೂ ಈ ಲೆಕ್ಕಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಡು ಸಪೂರವಾಗಿ ಹಿಂಭಾಗ ಟೊಳ್ಳಾಗಿರುವ ಅದರ ಪೆಲೆಟ್ ಹೆಚ್ಚಾಗಿ ಬ್ಯಾಡ್ಮಿಂಟನ್ ಕಾಕ್‌ನಂತೆ ಗಾಳಿಯ ಎಳೆತದಿಂದಲೇ ನೆಟ್ಟಗಾಗುತ್ತದೆ.

ನಳಿಗೆಯ ಮೇಲೆ ಕೊರೆದ ಅಂಕಿಯನ್ನು ನಂಬುವ ಮೊದಲು ಸುತ್ತನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟ್ ಹೊರತೆಗೆದು, ಹಿಡಿಯಲ್ಲಿ ಸರಾಗವಾಗಿ ತಿರುಗುವಂಥ ಕ್ಲೀನಿಂಗ್ ರಾಡ್‌ಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಬೇಕು. ಬಟ್ಟೆ ಗೀರುಗಳನ್ನು ಹಿಡಿದ ಮೇಲೆ ರಾಡ್‌ನ ಮೇಲ್ಮೈಗೆ ಒಂದು ಚೂರು ಟೇಪ್ ಬಾವುಟದಂತೆ ಅಂಟಿಸಿ, ನಳಿಗೆಯ ಅಂಚಿಗೆ ಸರಿಯಾಗಿ ರಾಡ್ ಮೇಲೆ ಪೆನ್ಸಿಲ್ ಗುರುತು ಹಾಕಿ, ನಿಧಾನವಾಗಿ ಎಳೆಯಬೇಕು. ಟೇಪು ಒಂದು ಪೂರ್ತಿ ಸುತ್ತು ಬಂದು ಮತ್ತೆ ಮೇಲಕ್ಕೆ ನಿಂತಾಗ ಎರಡನೆಯ ಗುರುತು. ನಡುವಣ ಅಂತರವೇ ಸುತ್ತು. ಬಟ್ಟೆ ಸಡಿಲವಿದ್ದರೆ ಜಾರಿ ಅಳತೆ ಹೆಚ್ಚು ಬರುತ್ತದೆ, ಆದ್ದರಿಂದ ಎರಡು ಮೂರು ಸಲ ಎಳೆದು ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು.

ಉಳಿದದ್ದನ್ನು ಕಾಗದದ ಗುರಿ ಹೇಳುತ್ತದೆ. ಸ್ಥಿರವಾಗಿ ಬಂದ ಗುಂಡು ದುಂಡನೆಯ ತೂತು ಮಾಡಿ, ಅಂಚಿನಲ್ಲಿ ಬೂದುಬಣ್ಣದ ಉಂಗುರ ಬಿಡುತ್ತದೆ. ತೂತು ಅಂಡಾಕಾರವಾಗಿದ್ದರೆ ಸುತ್ತು ಸಾಲುತ್ತಿಲ್ಲವೆಂಬ ಅನುಮಾನ ಏಳಬೇಕು; ಗುಂಡಿನ ಪಕ್ಕದ ಆಕಾರವೇ ಕಾಗದದಲ್ಲಿ ಅಡ್ಡಲಾಗಿ ಕತ್ತರಿಸಿದಂತೆ ಕಂಡರೆ ಗುಂಡು ಮಗುಚಿಕೊಂಡೇ ಬಂದಿದೆ ಎಂದರ್ಥ. ನಳಿಗೆ ಸವೆಯದೆ, ಮೂತಿಯ ಅಂಚು ಕೆಡದೆ ಇದ್ದೂ ಹೀಗಾದರೆ, ಅದೇ ನಳಿಗೆಗೆ ಗಿಡ್ಡನೆಯ ಗುಂಡಿನ ತೋಟೆಯನ್ನು ಹುಡುಕಿಕೊಳ್ಳುವುದೇ ಕಡಿಮೆ ಖರ್ಚಿನ ಪರಿಹಾರ.